ಹೆಪ್ಪುಗಟ್ಟಿದ ಹೊಳೆಯೇ ದಾರಿ

1943ರ ಡಿಸೆಂಬರ್ 21. ಹಗಲು ಹನ್ನೊಂದು ದಾಟಿದೆ. ಅಲಾಸ್ಕಾದ ಬೆಟ್ಟಗಳ ಮೇಲೆ, ಇಪ್ಪತ್ತು ಸಾವಿರ ಅಡಿಗೂ ಎತ್ತರದಲ್ಲಿ, ನಾಲ್ಕು ಇಂಜಿನ್‌ಗಳ ಬಿ-24 ಲಿಬರೇಟರ್ ವಿಮಾನವೊಂದು ದಟ್ಟ ಮೋಡದೊಳಗೆ ಸಿಕ್ಕಿಕೊಂಡಿದೆ. ಎಡ ರೆಕ್ಕೆಯ ತುದಿಯ ಇಂಜಿನ್ ನಿಂತುಹೋಯಿತು. ಅದರ ಬೆನ್ನಿಗೇ ಪೈಲಟ್ ಮುಂದಿನ ಉಪಕರಣಗಳು ಕೈಕೊಟ್ಟವು. ಮೇಲೆ ಯಾವುದು, ಕೆಳಗೆ ಯಾವುದು, ರೆಕ್ಕೆ ಎತ್ತ ವಾಲಿದೆ, ಒಂದೂ ತಿಳಿಯದು. ಹೊರಗೆ ನೋಡಿದರೆ ಬರೀ ಬಿಳಿ.

ವಿಮಾನ ಗಿರಗಿರನೆ ಸುತ್ತುತ್ತ ಕೆಳಗಿಳಿಯತೊಡಗಿತು. ಪೈಲಟ್ ಹೆರಾಲ್ಡ್ ಹಾಸ್ಕಿನ್, ಪಕ್ಕದಲ್ಲಿ ಸಹಪೈಲಟ್ ಲಿಯಾನ್ ಕ್ರೇನ್. ಇಬ್ಬರೂ ಕಾಲೂರಿ, ಬಲವನ್ನೆಲ್ಲ ಹಾಕಿ, ಹಿಡಿಯನ್ನು ಎದೆಗೆ ಎಳೆದರು. ಒಮ್ಮೆ ವಿಮಾನ ತಹಬಂದಿಗೆ ಬಂತು. ಉಸಿರು ಬಿಡುವಷ್ಟರಲ್ಲಿ ಮತ್ತೆ ತಿರುಗಿತು. ಬಾಲದ ಕಡೆಯ ಎಲಿವೇಟರ್ ಈ ಸಲ ಹಿಡಿತಕ್ಕೇ ಬರಲಿಲ್ಲ. ಹಾರಿಕೊಳ್ಳಿ ಎಂದು ಹಾಸ್ಕಿನ್ ಆಜ್ಞೆ ಕೊಟ್ಟ. ಹಿಂದೆ ರೇಡಿಯೊ ಮುಂದೆ ಕೂತಿದ್ದವನು ರಾಲ್ಫ್ ವೆಂಜ್. ಪ್ರೊಪೆಲರ್ ತಜ್ಞ ಜೇಮ್ಸ್ ಸಿಬರ್ಟ್, ಮೆಕ್ಯಾನಿಕ್‌ಗಳ ಮೇಲಾಳು ರಿಚರ್ಡ್ ಪೋಂಪಿಯೊ. ಒಟ್ಟು ಐದು ಜನ.

ಬಾಂಬುಗಳನ್ನು ತುಂಬುವ ಹೊಟ್ಟೆಯ ಬಾಗಿಲು ಸರಿಯಿತು. ಲಿಬರೇಟರ್‌ನ ಹೊಟ್ಟೆಯಲ್ಲಿ ನಡೆದಾಡಲು ಇರುವುದು ಒಂದು ಗೇಣಗಲದ ಪಟ್ಟಿ. ಸುತ್ತುವ ವಿಮಾನದಲ್ಲಿ ಆ ಪಟ್ಟಿಯ ಮೇಲೆ ನಿಲ್ಲಬೇಕು, ಪ್ಯಾರಾಚೂಟಿನ ಕೊಕ್ಕೆ ಸಿಕ್ಕಿಸಿಕೊಳ್ಳಬೇಕು, ಕೆಳಗಿನ ಬಿಳಿಯೊಳಗೆ ಬೀಳಬೇಕು. ಮೊದಲು ಪೋಂಪಿಯೊ ಹಾರಿದ. ಹಿಂದೆಯೇ ಕ್ರೇನ್.

ಗಾಳಿ ರಪ್ಪೆಂದು ಮುಖಕ್ಕೆ ಹೊಡೆಯಿತು. ಪ್ಯಾರಾಚೂಟ್ ಬಿಚ್ಚಿತು. ಆಗ ಗೊತ್ತಾಯಿತು: ಕೈಗವಸು ವಿಮಾನದಲ್ಲೇ ಉಳಿದಿದೆ.

ಕಾಲಿಗೆ ನೆಲ ತಾಗಲಿಲ್ಲ, ಹಿಮ ತಾಗಿತು. ಸೊಂಟದ ಮಟ್ಟ ಹೂತುಹೋದ. ಮೈಲಿ ದೂರದ ಇಳಿಜಾರಿನ ಮೇಲೆ ವಿಮಾನ ಬಿದ್ದು ಉರಿಯುತ್ತಿತ್ತು. ಗಂಟಲು ಹರಿಯುವಂತೆ ಕೂಗಿದ. ಪೋಂಪಿಯೊ ಓಗೊಡಲಿಲ್ಲ. ಯಾರೂ ಓಗೊಡಲಿಲ್ಲ.

ವರ್ಷದಲ್ಲೇ ಅತಿ ಚಿಕ್ಕ ಹಗಲು ಅದು. ಆ ಸೀಮೆಯಲ್ಲಿ ಆ ದಿನ ಸೂರ್ಯ ಕಾಣುವುದು ನಾಲ್ಕು ಗಂಟೆಗೂ ಕಡಿಮೆ. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಸೆಲ್ಸಿಯಸ್ ಎಂದರೂ ಫ್ಯಾರನ್‌ಹೀಟ್ ಎಂದರೂ ಆ ಅಂಕಿಯಲ್ಲಿ ಎರಡೂ ಒಂದೇ. ಕ್ರೇನ್‌ಗೆ ವಯಸ್ಸು 24. ಊರು ಫಿಲಡೆಲ್ಫಿಯಾ, ಓದಿದ್ದು ಎಂಐಟಿಯಲ್ಲಿ, ವಿಮಾನ ತಂತ್ರಜ್ಞಾನ. ಕಾಡಿನಲ್ಲಿ ಬದುಕಿದ ಅನುಭವ ಇಲ್ಲ. ಮೈಮೇಲೆ ಹಾರಾಟದ ದಪ್ಪ ಉಡುಪು, ಕಾಲಿಗೆ ಬೂಟು. ಜೇಬಿನಲ್ಲಿ ಬೆಂಕಿಕಡ್ಡಿ, ಒಂದು ಸ್ಕೌಟ್ ಚಾಕು, ಅಪ್ಪ ಬರೆದಿದ್ದ ಒಂದು ಕಾಗದ. ಬೆನ್ನ ಹಿಂದೆ ಹಿಮದ ಮೇಲೆ ಹರಡಿ ಬಿದ್ದ ಪ್ಯಾರಾಚೂಟು. ಆಸ್ತಿ ಅಷ್ಟೆ.

ಅದೇ ಡಿಸೆಂಬರ್‌ನಲ್ಲಿ ನಮ್ಮ ಯಸಳೂರು ಕಡೆಯ ತೋಟಗಳಲ್ಲಿ ಅರೇಬಿಕಾ ಕೊಯ್ಲು. ಬೆಳಿಗ್ಗೆ ಒಂಬತ್ತಾದರೂ ಮಂಜು ಕರಗುವುದಿಲ್ಲ, ಹಣ್ಣು ಕೊಯ್ಯುವವರ ಬೆರಳು ಸೆಟೆದುಕೊಳ್ಳುತ್ತವೆ, ಕಂಬಳಿ ಹೊದ್ದು ಬೆಂಕಿ ಸುತ್ತ ಕೂತು ಕಾಫಿ ಕುಡಿಯದೆ ಯಾರೂ ಗಿಡಕ್ಕೆ ಕೈಹಾಕುವುದಿಲ್ಲ. ನಮಗೆ ಅದೇ ದೊಡ್ಡ ಚಳಿ. ಬಿಸಿಲೆ ಕಾಡಿನ ಅಂಚಿನಲ್ಲಿ ಬೆಳೆದ ನಾನು ಕ್ರೇನ್‌ನ ಕಥೆಯನ್ನು ಓದಿದಾಗೆಲ್ಲ ಮನಸ್ಸು ಮೊದಲು ಹೋಗುವುದು ಆ ಬರಿಗೈಗೆ. ಕಾಡಿನಲ್ಲಿ ದಾರಿ ತಪ್ಪಿದವನಿಗೆ ಕಾಲಿಗಿಂತ ಕೈ ಮುಖ್ಯ. ಕೈ ಆಡದಿದ್ದರೆ ಕಡ್ಡಿ ಗೀರಲಾಗುವುದಿಲ್ಲ.

ಆ ವಿಮಾನ ಯುದ್ಧಕ್ಕೆ ಹೊರಟದ್ದಲ್ಲ. ಅದರ ಹೆಸರು ಐಸ್‌ಬರ್ಗ್ ಇನೆಜ್. ಫೇರ್‌ಬ್ಯಾಂಕ್ಸ್ ಪಕ್ಕದ ಲ್ಯಾಡ್ ಫೀಲ್ಡ್ ನೆಲೆಯಿಂದ ಬೆಳಿಗ್ಗೆ ಪರೀಕ್ಷೆಗೆಂದು ಎದ್ದಿತ್ತು. ವಿಮಾನಗಳು ಕಡುಚಳಿಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದೇ ಆ ನೆಲೆಯ ಒಂದು ದಳದ ಕೆಲಸ. ಅಂದಿನ ಪರೀಕ್ಷೆ ಪ್ರೊಪೆಲರ್‌ನದು. ಇಂಜಿನ್ ನಿಂತರೆ ಪ್ರೊಪೆಲರ್‌ನ ಅಲಗುಗಳು ಗಾಳಿಗೆ ಅಡ್ಡವಾಗಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತವೆ. ಅವನ್ನು ಗಾಳಿ ಬರುವ ದಿಕ್ಕಿಗೆ ಅಂಚು ತಿರುಗಿಸಿ ನಿಲ್ಲಿಸಬೇಕು. ಫೆದರಿಂಗ್ ಎಂದು ವಿಮಾನದವರು ಹೇಳುವುದು ಇದನ್ನೇ. ಚಳಿಗೆ ಎಣ್ಣೆ ಗಟ್ಟಿಯಾದಾಗಲೂ ಅಲಗು ತಿರುಗುತ್ತದೆಯೇ, ಅದನ್ನು ತಿಳಿಯಬೇಕಿತ್ತು. ಸಿಬರ್ಟ್ ಬಂದದ್ದು ಅದಕ್ಕೇ.

ಶತ್ರುವಿನ ಗುಂಡಿಲ್ಲದೆ ಸತ್ತವರ ಲೆಕ್ಕ ಯುದ್ಧದ ಕಥೆಗಳಲ್ಲಿ ಹಿಂದೆ ಬೀಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಪಡೆಗೆ ತನ್ನ ನೆಲದ ಮೇಲೆಯೇ 52,000ಕ್ಕೂ ಹೆಚ್ಚು ಅಪಘಾತಗಳಾದವು, ಸುಮಾರು 15,000 ಮಂದಿ ಸತ್ತರು. ಹೆಚ್ಚಿನವರು ಹಾರಾಟ ಕಲಿಯುತ್ತಿದ್ದ ಹುಡುಗರು, ಕಲಿಸುತ್ತಿದ್ದವರು, ವಿಮಾನ ಪರೀಕ್ಷಿಸುತ್ತಿದ್ದವರು. ಬ್ರಿಟನ್ನಿನ ಬೆಟ್ಟಗಳಲ್ಲೂ ಹಾಗೆಯೇ. ವೇಲ್ಸ್‌ನ ಲ್ಯಾಂಡ್ರಾಗ್ ನೆಲೆಯ ವೈದ್ಯ ಜಾರ್ಜ್ ಗ್ರಹಾಂ, ಸುತ್ತಲ ಬೆಟ್ಟಗಳಿಗೆ ಬಡಿದು ಬೀಳುತ್ತಿದ್ದ ತರಬೇತಿ ವಿಮಾನಗಳಲ್ಲಿ ಜೀವ ಉಳಿದವರು ಚಳಿಗೆ ಸಾಯುವುದನ್ನು ನೋಡಲಾರದೆ, ನೆಲೆಯ ಹುಡುಗರನ್ನು ಕಟ್ಟಿಕೊಂಡು ಹಗ್ಗ ಹಿಡಿದು ಬೆಟ್ಟ ಹತ್ತಿದ. 1943ರಲ್ಲಿ ಬ್ರಿಟನ್ನಿನ ವಾಯುಪಡೆ ಪರ್ವತ ರಕ್ಷಣಾ ದಳವನ್ನು ಅಧಿಕೃತವಾಗಿ ಶುರುಮಾಡಿದ್ದಕ್ಕೆ ಆ ವೈದ್ಯನ ಹಟವೇ ಮುಖ್ಯ ಕಾರಣ. ಅಲಾಸ್ಕಾದ ಆ ಮೂಲೆಗೆ ಅಂಥ ದಳ ಇರಲಿಲ್ಲ. ಕ್ರೇನ್ ಬಿದ್ದ ಜಾಗ ಫೇರ್‌ಬ್ಯಾಂಕ್ಸ್‌ನಿಂದ ಪೂರ್ವಕ್ಕೆ ನೂರು ಮೈಲಿಗೂ ಆಚೆ. ಬೀಳುವಾಗ ವಿಮಾನ ತಾನೆಲ್ಲಿದ್ದೇನೆಂದು ತಿಳಿಸಿರಲಿಲ್ಲ. ಹುಡುಕಲು ಹೊರಟ ವಿಮಾನಗಳಿಗೆ ಎಲ್ಲಿ ನೋಡಬೇಕೆಂಬುದೇ ಗೊತ್ತಿರಲಿಲ್ಲ.

ಮೇಲೆ ಉರಿಯುತ್ತಿದ್ದ ವಿಮಾನದ ಕಡೆಗೆ ಹೋಗುವುದೇ, ಕೆಳಗೆ ಇಳಿಯುವುದೇ? ಮೇಲೆ ಗೆಳೆಯರಿದ್ದಾರೆ, ಬದುಕಿದ್ದರೆ. ಆದರೆ ಸೊಂಟಮಟ್ಟದ ಹಿಮದಲ್ಲಿ ಆ ಏರು ಹತ್ತುವ ಹೊತ್ತಿಗೆ ಕತ್ತಲೆ. ಕ್ರೇನ್ ಕೆಳಗೆ ಕಣಿವೆ ನೋಡಿದ. ಅಲ್ಲೊಂದು ಹೊಳೆ, ಮೇಲೆಲ್ಲ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿತ್ತು. ಅದು ಚಾರ್ಲಿ ನದಿ. ಆದರೆ ಆ ಹೆಸರು ಅವನಿಗೆ ಅಂದು ಗೊತ್ತಿಲ್ಲ. ಹೊಳೆ ದಂಡೆಯಲ್ಲಿ ಸ್ಪ್ರೂಸ್ ಮರಗಳಿವೆ, ಮರವಿದ್ದರೆ ಸೌದೆ. ಪ್ಯಾರಾಚೂಟನ್ನು ಬಾಚಿಕೊಂಡು ಇಳಿದ.

ದಂಡೆಗೆ ಬಂದು ತೇಲಿಬಂದ ಒಣಪುರಳೆ ಆಯ್ದ. ಬರಿಗೈ ಆಗಲೇ ಮರಗಟ್ಟುತ್ತಿದೆ. ಒಂದು ಕಡ್ಡಿ ಗೀರಿದ, ಆರಿತು. ಇನ್ನೊಂದು, ಅದೂ ಆರಿತು. ಕಡ್ಡಿ ಹೀಗೇ ಕಳೆದರೆ ಎಷ್ಟು ದಿನ? ಜೇಬಿನಿಂದ ಅಪ್ಪನ ಕಾಗದ ತೆಗೆದ. ಮನೆಯ ಅಕ್ಷರವಿದ್ದ ಆ ಹಾಳೆಯನ್ನು ಪುರಳೆಯ ಕೆಳಗೆ ತುರುಕಿ ಕಡ್ಡಿ ಗೀರಿದ. ಹಾಳೆ ಹಿಡಿಯಿತು, ಚಕ್ಕೆ ಹಿಡಿಯಿತು, ಹೊಗೆಯ ನಡುವೆ ಕೆಂಪು ಕಂಡಿತು. ಪ್ಯಾರಾಚೂಟಿನ ರೇಷ್ಮೆಯನ್ನು ಸುತ್ತಿಕೊಂಡು ಬೆಂಕಿಯ ಮಗ್ಗುಲಿಗೆ ಒರಗಿದ. ನಿದ್ದೆ ಹತ್ತಿದರೆ ಬೆಂಕಿ ಆರುತ್ತದೆ, ಬೆಂಕಿ ಆರಿದರೆ ಚಳಿ ಎಬ್ಬಿಸುತ್ತದೆ, ಎದ್ದು ಸೌದೆ ಹುಡುಕಬೇಕು. ಹದಿನೆಂಟು, ಇಪ್ಪತ್ತು ಗಂಟೆಯ ರಾತ್ರಿ ಹಾಗೆಯೇ ಕಳೆಯಿತು.

ನಾಳೆ ವಿಮಾನ ಬರುತ್ತದೆ ಎಂದುಕೊಂಡ. ಬರಲಿಲ್ಲ. ನಾಡಿದ್ದು ಬರುತ್ತದೆ. ಅದೂ ಇಲ್ಲ. ಕಾಯಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಕಾದ. ಹೊಟ್ಟೆಗೆ ಹೊಳೆಯ ನೀರು ಬಿಟ್ಟರೆ ಏನೂ ಇಲ್ಲ. ಮರದ ಮೇಲೆ ಕೆಂಪಳಿಲು ಚಿಲಿಗುಡುತ್ತಿದ್ದವು. ಕಲ್ಲು ಬೀಸಿದ, ಚಾಕುವಿಟ್ಟು ಈಟಿ ಮಾಡಿದ, ಪ್ಯಾರಾಚೂಟಿನ ದಾರದಿಂದ ಬಿಲ್ಲು ಕಟ್ಟಿದ. ಬಿಲ್ಲು ಎಳೆಯಲು ಬೆರಳು ಮಣಿಯಬೇಕಲ್ಲ! ಒಂದು ಅಳಿಲೂ ಸಿಗಲಿಲ್ಲ. ಕ್ರಿಸ್‌ಮಸ್ ಬಂತು, ಹೋಯಿತು. ಎಂಟು ದಿನ ಬರಿಹೊಟ್ಟೆ.

ಒಂಬತ್ತನೇ ದಿನಕ್ಕೆ ಒಂದು ಮಾತು ಖಚಿತವಾಯಿತು: ಯಾರೂ ಬರುವುದಿಲ್ಲ. ಕ್ರೇನ್ ಎದ್ದ. ಹೊಳೆ ಹರಿಯುವ ದಿಕ್ಕಿಗೆ, ಉತ್ತರಕ್ಕೆ, ಹಿಮದ ಮೇಲೆ ಕಾಲೆಳೆಯುತ್ತ ಹೊರಟ.

ದಾರಿ ತಪ್ಪಿದರೆ ನೀರು ಹಿಡಿದು ಇಳಿ ಎಂದು ನಮ್ಮ ಕಡೆಯೂ ಹಿರಿಯರು ಹೇಳುತ್ತಾರೆ. ಹೇಳುವಾಗ ಇನ್ನೊಂದನ್ನೂ ಸೇರಿಸುತ್ತಾರೆ: ಯಾವ ನೀರು ಎಂದು ನೋಡಿಕೋ. ಬಿಸಿಲೆ ಹತ್ತಿರ ಮಂಕನಹಳ್ಳಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪೂರ್ವಕ್ಕೆ ಇಳಿದದ್ದು ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಪಶ್ಚಿಮಕ್ಕೆ ಜಾರಿದ್ದು ಕುಮಾರಧಾರೆಗೆ, ಅಲ್ಲಿಂದ ನೇತ್ರಾವತಿಗೆ. ಪೂರ್ವದ ಹಳ್ಳ ಹಿಡಿದವನು ಗದ್ದೆಬಯಲಿಗೆ ಬರುತ್ತಾನೆ. ಪಶ್ಚಿಮದ ಹಳ್ಳ ಹಿಡಿದವನು ಅರ್ಧ ದಿನದೊಳಗೆ ಅಬ್ಬಿಯ ತಲೆಯ ಮೇಲೆ ನಿಂತಿರುತ್ತಾನೆ. ಮುಂದಕ್ಕೆ ಪಾಚಿಗಟ್ಟಿದ ಬಂಡೆ, ಕೆಳಗೆ ಪ್ರಪಾತ, ಹಿಂದಕ್ಕೆ ಆನೆಯ ಜಾಡು. ಕುಮಾರಪರ್ವತದ ಮಗ್ಗುಲಿನಲ್ಲಿ ಮಳೆಗಾಲದಲ್ಲಿ ಹಾಗೆ ಇಳಿಯುವುದು ಸಾವನ್ನು ಹುಡುಕಿಕೊಂಡು ಹೋದ ಹಾಗೆ. ಚಾರ್ಲಿ ನದಿ ಬೇರೆಯದು. ಚಳಿಗಾಲ ಅದನ್ನು ಚಪ್ಪಟೆ ರಸ್ತೆ ಮಾಡಿತ್ತು, ಅದು ಹೋಗಿ ಸೇರುವುದು ಯೂಕಾನ್ ಎಂಬ ಮಹಾನದಿಯನ್ನು, ಯೂಕಾನ್ ದಂಡೆಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಮನುಷ್ಯ ಇರುತ್ತಿದ್ದ. ಕ್ರೇನ್‌ಗೆ ಇದಾವುದೂ ತಿಳಿದಿರಲಿಲ್ಲ. ಹೊಳೆ ಎಲ್ಲಿಗೋ ಹೋಗಲೇಬೇಕು ಎಂಬುದಷ್ಟೆ ಅವನಿಗಿದ್ದ ನಂಬಿಕೆ.

ನಡೆದ. ಬಿದ್ದ. ಎದ್ದ. ಕತ್ತಲಾಗುವ ಹೊತ್ತಿಗೆ ಮರಗಳ ನಡುವೆ ಒಂದು ಚೌಕ ಆಕಾರ ಕಂಡಿತು. ಮರದ ದಿಮ್ಮಿಯ ಗುಡಿಸಲು! ಓಡಲು ಹೋಗಿ ಮುಗ್ಗರಿಸಿದ. ಬಾಗಿಲು ನೂಕಿದ. ಒಳಗೆ ಯಾರೂ ಇಲ್ಲ. ಒಲೆ ಇತ್ತು, ಮಂಚವಿತ್ತು. ಮೇಜಿನ ಮೇಲೆ ಚೀಲಗಳು. ಒಂದನ್ನು ಬಿಚ್ಚಿದರೆ ಸಕ್ಕರೆ. ಇನ್ನೊಂದರಲ್ಲಿ ಕೋಕೊ ಪುಡಿ. ಮತ್ತೊಂದರಲ್ಲಿ ಒಣದ್ರಾಕ್ಷಿ.

ಒಂಬತ್ತು ದಿನದ ಮೇಲೆ ಬಾಯಿಗೆ ಬಿದ್ದ ಮೊದಲ ತುತ್ತು ಆ ಒಣದ್ರಾಕ್ಷಿ ಎಂದು ನಾನು ಭಾವಿಸಿಕೊಳ್ಳುತ್ತೇನೆ. ಒಲೆ ಹೊತ್ತಿತು, ಹಿಮ ಕರಗಿಸಿದ ನೀರಿಗೆ ಕೋಕೊ, ಸಕ್ಕರೆ ಬಿತ್ತು. ಸುತ್ತ ನಾಲ್ಕು ಗೋಡೆ, ಮೇಲೆ ಮಾಡು. ಬಿದ್ದ ದಿನದಿಂದ ಅಷ್ಟು ನೆಮ್ಮದಿಯ ನಿದ್ದೆ ಅವನಿಗೆ ಬಂದಿರಲಿಲ್ಲ.

ಮರುದಿನ ಆತ ದೊಡ್ಡ ತಪ್ಪೊಂದನ್ನು ಮಾಡಿದ. ಗುಡಿಸಲಿದೆ, ಸಾಮಾನಿದೆ, ಹಾಗಾದರೆ ಊರು ಹತ್ತಿರವೇ ಇರಬೇಕು! ಪೇಟೆಯಲ್ಲಿ ಬೆಳೆದ ಯಾರಾದರೂ ಹಾಗೆಯೇ ಯೋಚಿಸುತ್ತಿದ್ದರು. ಬೇಕಾದ್ದನ್ನು ಹೊರಲು ಹೋಗದೆ ಹಗುರವಾಗಿ ಹೊಳೆಗುಂಟ ಹೊರಟ. ತಿರುವು ದಾಟಿದರೆ ಇನ್ನೊಂದು ತಿರುವು. ಹೊಗೆಯಿಲ್ಲ, ಹೆಜ್ಜೆಯಿಲ್ಲ, ನಾಯಿಯ ಬೊಗಳಿಲ್ಲ. ಕತ್ತಲಾಯಿತು, ಚಳಿ ಕಚ್ಚಿತು, ಗೀರಿದ ಕಡ್ಡಿ ಕೈಯಿಂದ ಜಾರಿತು. ಆಗ ಅವನು ಮಾಡಿದ್ದನ್ನು ನಾನು ಬಹಳ ಮೆಚ್ಚುತ್ತೇನೆ. ಅಷ್ಟು ದೂರ ಬಂದದ್ದು ವ್ಯರ್ಥವಾಗುತ್ತದೆ ಎಂದು ಹಟಕ್ಕೆ ಬೀಳದೆ, ಬಂದ ಹೆಜ್ಜೆಯ ಮೇಲೆಯೇ ಹಿಂದಿರುಗಿದ. ಬಿಸಿಲೆಯಲ್ಲಿ ದಾರಿ ತಪ್ಪಿ ಕಷ್ಟಕ್ಕೆ ಸಿಕ್ಕಿದವರ ಕಥೆಗಳನ್ನು ಎಷ್ಟೋ ಕೇಳಿದ್ದೇನೆ. ಹೆಚ್ಚಿನವರಿಗೆ ಮುಂದಕ್ಕೆ ಹೋಗುವ ಧೈರ್ಯ ಇತ್ತು, ವಾಪಸು ಬರುವ ಧೈರ್ಯ ಸಾಲಲಿಲ್ಲ.

ಗುಡಿಸಲಿಗೆ ಮರಳುವಾಗ ಕ್ರೇನ್ ಅರೆಜೀವ. ಈ ಸಲ ಸುತ್ತಮುತ್ತ ಚೆನ್ನಾಗಿ ನೋಡಿದ. ಪಕ್ಕದಲ್ಲಿ ಎತ್ತರದ ಕಂಬಗಳ ಮೇಲೆ ಒಂದು ಅಟ್ಟಣೆ. ನಮ್ಮಲ್ಲಿ ಗದ್ದೆಯ ಹಂದಿ, ಆನೆ ಕಾಯಲು ಅಟ್ಟಣೆ ಕಟ್ಟಿದರೆ ಅಲ್ಲಿಯ ಬೇಟೆಗಾರರು ಕರಡಿ ಮುಟ್ಟದಂತೆ ದಿನಸಿ ಕಾಯಲು ಕಟ್ಟುತ್ತಾರೆ. ಏಣಿಯಿಟ್ಟು ಹತ್ತಿದ. ಮೇಲಿನ ಹೊದಿಕೆ ಸರಿಸಿದ. ತಿನ್ನುವ ಸಾಮಾನು, ಬಟ್ಟೆ, ಡೇರೆ. ಒಂದು .22 ರೈಫಲ್, ತೋಟಾ. ಅವುಗಳ ನಡುವೆ ತೊಗಲಿನ ಕೈಗವಸು.

ಆ ಕೈಗವಸು ತೊಟ್ಟ ಗಳಿಗೆಗೆ ಅವನ ಮುಖ ಹೇಗಿದ್ದೀತು! ಬರಿಗೈಯಲ್ಲಿ ಹಾರಿ, ಬರಿಗೈಯಲ್ಲಿ ಸೌದೆ ಮುರಿದು, ಪ್ಯಾರಾಚೂಟಿನ ಬಟ್ಟೆ ಸುತ್ತಿಕೊಂಡು ನಡೆದ ಕೈ ಅದು.

ಆ ಗುಡಿಸಲು ಫಿಲ್ ಬೆರೇಲ್ ಎಂಬಾತನದು. ಯೂಕಾನ್ ಸೀಮೆಯಲ್ಲಿ ಚಿನ್ನದ ಗಣಿ ಕೆಲಸ ಮಾಡುತ್ತ ಬೇಟೆಯಾಡುತ್ತಿದ್ದವನು. ಬಾಗಿಲಿಗೆ ಬೀಗ ಹಾಕದೆ, ಒಳಗೆ ಆಹಾರವಿಟ್ಟು ಹೋಗಿದ್ದ. ದಾರಿ ತಪ್ಪಿ ಬಂದವನು ಬದುಕಿಕೊಳ್ಳಲಿ ಎಂಬುದು ಆ ಸೀಮೆಯ ರೂಢಿ. ಏಲಕ್ಕಿ ಮಲೆಯ ಗುಡಿಸಲಲ್ಲಿ ಒಂದಿಷ್ಟು ಅಕ್ಕಿ, ಉಪ್ಪು, ಬೆಂಕಿಪೊಟ್ಟಣವನ್ನು ಇಲಿ ಮುಟ್ಟದಂತೆ ತೊಲೆಗೆ ತೂಗುಹಾಕಿ ಬರುತ್ತಿದ್ದವರನ್ನು ನಾನೂ ಕಂಡಿದ್ದೇನೆ. ಯಾರಿಗೆ ಎಂದು ಕೇಳಿದರೆ ಯಾರಾದರೂ ಬಂದಾರು ಎನ್ನುತ್ತಿದ್ದರು. ಕ್ರೇನ್ ಗಟ್ಟಿಗ, ಬುದ್ಧಿವಂತ, ತಾಳ್ಮೆಯವನು, ನಿಜ. ಆದರೆ ಬೆರೇಲ್ ಬೀಗ ಹಾಕಿಕೊಂಡು ಹೋಗುವ ಮನುಷ್ಯನಾಗಿದ್ದರೆ ಈ ಕಥೆ ಹೇಳಲು ಯಾರೂ ಉಳಿಯುತ್ತಿರಲಿಲ್ಲ.

ಜನವರಿ ಪೂರ್ತಿ ಕ್ರೇನ್ ಅಲ್ಲಿಯೇ ಉಳಿದ. ಹೊರಡಬೇಕೆಂದು ಮನಸ್ಸು ಎಳೆಯುತ್ತಿದ್ದರೂ ಉಳಿದ. ಕೈಯ ಗಾಯ ಮಾಯಬೇಕು, ಮೈಗೆ ಕಸುವು ಬರಬೇಕು. ತೂಕ ಮಾಡಿದಂತೆ ತಿಂದ. ಸುತ್ತಲ ಹೊಳೆ, ದಿಣ್ಣೆ, ಜಾಡು ತಿಳಿದುಕೊಂಡ. ರೈಫಲ್ ಇದ್ದುದರಿಂದ ಈಗ ಬೇಟೆಯೂ ಆಗುತ್ತಿತ್ತು. ಲ್ಯಾಡ್ ಫೀಲ್ಡ್‌ನಲ್ಲಿ ಹುಡುಕಾಟ ಕೈಬಿಟ್ಟಾಗಿತ್ತು. ಫಿಲಡೆಲ್ಫಿಯಾದ ಮನೆಗೆ ಮಗ ಕಾಣೆಯಾದ ಸುದ್ದಿ ಮುಟ್ಟಿತ್ತು. ಕಾಗದ ಬರೆದ ಅಪ್ಪ ಉತ್ತರಕ್ಕೆ ಕಾಯುತ್ತಿದ್ದ.

ಈ ಲಿಬರೇಟರ್ ವಿಮಾನ ನಮಗೆ ಅಪರಿಚಿತವಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ತಮ್ಮ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಕೂಡಿಸಿ, ಒಮ್ಮೆ ಹಾರುವಷ್ಟು ಸರಿಮಾಡಿದರು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಶಿ ಆ ಹೆಣಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ, 1948ರಿಂದ ನಲವತ್ತರಷ್ಟು ವಿಮಾನಗಳು ಭಾರತದ ವಾಯುಪಡೆ ಸೇರಿದವು, 1968ರವರೆಗೆ ಹಾರಿದವು. ಮುರಿದ ಲಿಬರೇಟರ್‌ನಲ್ಲಿ ಕೂತು ಕಾನ್ಪುರದಿಂದ ಬೆಂಗಳೂರಿಗೆ ಹಾರುವುದು ಎಂದರೇನು ಎಂದು ಹಾಸ್ಕಿನ್, ಕ್ರೇನ್‌ರ ಆ ಕೊನೆಯ ನಿಮಿಷಗಳನ್ನು ತಿಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುನ್ಶಿಯವರ ಸಾಹಸವನ್ನು ನಾವು ಕನ್ನಡದಲ್ಲಿ ಇನ್ನೂ ಸರಿಯಾಗಿ ಬರೆದಿಲ್ಲ. ಅದು ನನಗೆ ಬೇಸರ.

ಫೆಬ್ರವರಿ. ಹಗಲು ಉದ್ದವಾಗುತ್ತಿತ್ತು, ಚೀಲಗಳು ತೆಳುವಾಗುತ್ತಿದ್ದವು. ವಸಂತ ಬಂದು ಹೊಳೆ ಒಡೆದರೆ ಇದ್ದೊಂದು ದಾರಿಯೂ ಹೋಗುತ್ತದೆ. ಕ್ರೇನ್ ಜಾರುಬಂಡಿಯೊಂದನ್ನು ಜೋಡಿಸಿ, ಉಳಿದ ದಿನಸಿ, ಡೇರೆ, ರೈಫಲ್ ಹೇರಿ, ಹಗ್ಗವನ್ನು ಭುಜಕ್ಕೆ ಹಾಕಿಕೊಂಡು ಹೊರಟ. ಈ ಸಲ ವಾಪಸು ಬರುವ ಲೆಕ್ಕವಿರಲಿಲ್ಲ.

ಎತ್ತಿನ ಕೆಲಸವನ್ನು ಮನುಷ್ಯ ಮಾಡಬೇಕಿತ್ತು. ಗಾಳಿ ಒಟ್ಟಿದ ಹಿಮದಲ್ಲಿ ಬಂಡಿ ಕಚ್ಚಿಕೊಳ್ಳುತ್ತದೆ, ಎಳೆದರೆ ಮಗುಚುತ್ತದೆ, ಸಾಮಾನೆಲ್ಲ ಮತ್ತೆ ಕಟ್ಟಬೇಕು. ಹೆಪ್ಪುಗಟ್ಟಿದ ಹೊಳೆಯಲ್ಲೂ ಕೆಳಗೆ ಸೆಳೆತ ಇದ್ದೇ ಇರುತ್ತದೆ. ಸೆಳೆತ ಜೋರಿದ್ದಲ್ಲಿ ಮೇಲಿನ ಹೆಪ್ಪು ತೆಳು, ಅದರ ಮೇಲೆ ಹೊಸ ಹಿಮ ಬಿದ್ದರೆ ಕಣ್ಣಿಗೆ ಗುರುತು ಸಿಗದು. ಅಂಥ ಒಂದು ಕಡೆ ಕಾಲಿಟ್ಟ.

ಚಟ್! ಹೆಪ್ಪು ಒಡೆಯಿತು. ನೀರಿಗೆ ಬಿದ್ದ.

ಆ ಚಳಿಯಲ್ಲಿ ನೆನೆದವನಿಗೆ ಹೆಚ್ಚು ಹೊತ್ತಿಲ್ಲ. ಬಟ್ಟೆ ಮೈಮೇಲೆಯೇ ಹಲಗೆಯಾಗುತ್ತದೆ. ಅಂಚು ಹಿಡಿದ, ಅಂಚು ಮುರಿಯಿತು, ಮುಂದಿನದನ್ನು ಹಿಡಿದ. ಮೊಣಕೈ ಊರಿ ಮೈ ಎತ್ತಿ ಉರುಳಿ ದಂಡೆಗೆ ಬಂದ. ಓಡಿ ಸೌದೆ ತಂದ, ಕಡ್ಡಿ ಗೀರಿದ. ಎರಡು ತಿಂಗಳ ಹಿಂದೆ ಅಪ್ಪನ ಕಾಗದವಿಲ್ಲದೆ ಬೆಂಕಿ ಹಚ್ಚಲಾಗದಿದ್ದವನು ಈಗ ನಡುಗುವ ಕೈಯಲ್ಲೇ ಹಚ್ಚಿದ. ಬಟ್ಟೆ ಬಿಚ್ಚಿ ಒಣಗಿಸಿದ. ಮತ್ತೆ ತೊಟ್ಟು, ಮತ್ತೆ ಹಗ್ಗ ಹೆಗಲಿಗೇರಿಸಿದ.

ಅದಾದ ಮೇಲೂ ಹೊಳೆ ಅವನನ್ನು ಸುಮ್ಮನೆ ಬಿಡಲಿಲ್ಲ. ದಿನಕ್ಕೆ ಕೆಲವೇ ಮೈಲಿ. ಕಾಲು ಬಾತುಕೊಂಡಿತು, ಗಡ್ಡದ ಮೇಲೆ ಉಸಿರು ಗಟ್ಟಿಯಾಯಿತು. ಕೊನೆಕೊನೆಗೆ ಬಂಡಿಯನ್ನೂ ಬಿಡಬೇಕಾಯಿತು. ಹೊರುವಷ್ಟನ್ನು ಮಾತ್ರ ಬೆನ್ನಿಗೆ ಕಟ್ಟಿಕೊಂಡ. ಒಟ್ಟು ನಡೆದದ್ದು ನೂರಕ್ಕೂ ಹೆಚ್ಚು ಮೈಲಿ.

ಮಾರ್ಚ್ 10. ಹಿಮದ ಮೇಲೆ ಎರಡು ಉದ್ದ ಗೀರು, ನಡುವೆ ಪಂಜದ ಗುರುತು. ನಾಯಿಬಂಡಿಯ ಜಾಡು! ಹಳೆಯದಲ್ಲ. ಜಾಡು ಹಿಡಿದು ಹೋದ. ಮುಂದೆ ನೆಟ್ಟಗೆ ಏಳುವ ಹೊಗೆ, ನಾಯಿಗಳ ಬೊಗಳು, ಒಂದು ಮನೆ. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಬೇಟೆಗಾರ ಆಲ್ಬರ್ಟ್ ಏಮ್ಸ್. ಒಳಗೆ ಹೆಂಡತಿ, ಮಕ್ಕಳು. ಕಾಡಿನಿಂದ, ಯಾರೂ ಬರಬಾರದ ದಿಕ್ಕಿನಿಂದ, ಗಡ್ಡಧಾರಿಯೊಬ್ಬ ತೂರಾಡುತ್ತ ಬರುತ್ತಿದ್ದಾನೆ. ತಾನು ವಾಯುಪಡೆಯ ಲೆಫ್ಟಿನೆಂಟ್ ಎನ್ನುತ್ತಿದ್ದಾನೆ. ಏಮ್ಸ್ ಅವನನ್ನು ಒಳಗೆ ಕರೆದು ಕೂರಿಸಿ ಊಟಕ್ಕೆ ಬಡಿಸಿದ.

ಬಿದ್ದ ದಿನವನ್ನೂ ಸೇರಿಸಿ ಎಣಿಸಿದರೆ 81ನೇ ದಿನ. ಅಷ್ಟು ದಿನದಲ್ಲಿ ಕ್ರೇನ್ ಇನ್ನೊಬ್ಬ ಮನುಷ್ಯನ ದನಿ ಕೇಳಿರಲಿಲ್ಲ. ನಮ್ಮ ಕಡೆ ಆ ಹೊತ್ತಿಗೆ ಕೊಯ್ಲು ಮುಗಿದು, ಹಣ್ಣು ಒಣಗಿ, ಪೇಟೆಗೆ ಸಾಗಿ, ಬೆಳೆಗಾರರು ಹೂಮಳೆಗೆ ಆಕಾಶ ನೋಡುತ್ತಿದ್ದಿರಬೇಕು. ಒಂದು ಕೊಯ್ಲಿನ ಉದ್ದಕ್ಕೂ ಒಬ್ಬನೇ!

ಏಮ್ಸ್ ಅವನನ್ನು ನಾಯಿಬಂಡಿಯಲ್ಲಿ ಯೂಕಾನ್ ದಂಡೆಯ ವುಡ್‌ಚಾಪರ್ ಎಂಬ ಗಣಿಶಿಬಿರಕ್ಕೆ ಮುಟ್ಟಿಸಿದ. ಅಲ್ಲಿಂದ ವಿಮಾನ. ಮಾರ್ಚ್ 14ಕ್ಕೆ ಲ್ಯಾಡ್ ಫೀಲ್ಡ್. ಸತ್ತನೆಂದು ಎಲ್ಲರೂ ಬಿಟ್ಟಿದ್ದ ಸಹಪೈಲಟ್ ನಡೆದುಕೊಂಡು ಬಂದಿದ್ದ. ಆತ ಮೊದಲು ಕೇಳಿದ್ದು ಉಳಿದ ನಾಲ್ವರ ವಿಷಯವನ್ನೇ ಇರಬೇಕು. ಅವರ ಸುದ್ದಿ ಯಾರಿಗೂ ಇರಲಿಲ್ಲ. ವಿಮಾನ ಬಿದ್ದ ಜಾಗ ತೋರಿಸಬಲ್ಲವನು ಭೂಮಿಯ ಮೇಲೆ ಇವನೊಬ್ಬನೇ.

ತೋರಿಸಿದ. ಸಾವು ಬಾಯಿ ತೆರೆದಿದ್ದ ಆ ಕಣಿವೆಗೆ ಅದೇ ವರ್ಷ ಹಿಂದಿರುಗಿದ. ಸುಟ್ಟ ಲೋಹದ ನಡುವೆ ವೆಂಜ್ ಮತ್ತು ಸಿಬರ್ಟ್ ಸಿಕ್ಕರು. ಹಾಸ್ಕಿನ್ ಸಿಗಲಿಲ್ಲ, ಪೋಂಪಿಯೊ ಸಿಗಲಿಲ್ಲ. ಹಾಸ್ಕಿನ್ ಹಾರಿದನೇ, ಇಲ್ಲವೇ? ಹಾರಿದ್ದರೆ ಬೆಟ್ಟದ ಆಚೆ ಮಗ್ಗುಲಿಗೆ ಇಳಿದು, ತನ್ನ ಹಾಗೆಯೇ ಬೆಂಕಿ ಹಚ್ಚಿ ಕಾದನೇ? ಕೂಗಿದ್ದು ಕೇಳಿಸದಷ್ಟು ದೂರ ಇದ್ದನೇ? ಒಬ್ಬನೇ ಬದುಕಿ ಬಂದವನಿಗೆ ಇಂಥ ಪ್ರಶ್ನೆಗಳಿಂದ ಬಿಡುಗಡೆ ಇರುವುದಿಲ್ಲ. ಮುಂದಿನ ಬದುಕಿನಲ್ಲಿ ಕ್ರೇನ್ ಈ ಕಥೆಯನ್ನು ಹೇಳಿಕೊಂಡು ತಿರುಗಲಿಲ್ಲ. ಬಹಳ ಕಡಿಮೆ ಮಾತಾಡಿದ.

ವಿಮಾನದ ಅವಶೇಷ ಇಂದಿಗೂ ಅದೇ ಇಳಿಜಾರಿನಲ್ಲಿದೆ. ಆ ಸೀಮೆ ಈಗ ಯೂಕಾನ್-ಚಾರ್ಲಿ ನದಿಗಳ ರಾಷ್ಟ್ರೀಯ ಸಂರಕ್ಷಿತ ಪ್ರದೇಶ. ಅಲ್ಲಿನ ಇತಿಹಾಸಕಾರ ಡಗ್ ಬೆಕ್‌ಸ್ಟೆಡ್ ಹಳೆಯ ಕಡತಗಳನ್ನು ಹುಡುಕಿದರು, ಅವಶೇಷದ ನಡುವೆ ಮಂಡಿಯೂರಿ ಮಣ್ಣು ಕೆದಕಿದರು, ಅಲ್ಲೊಬ್ಬನ ಮೂಳೆ ಉಳಿದಿರಬಹುದು ಎಂದು ಸೇನೆಯ ತಜ್ಞರನ್ನು ಒಪ್ಪಿಸಿದರು. 2006ರಲ್ಲಿ ತಜ್ಞರ ತಂಡ ಅಲ್ಲಿ ಅಗೆದು ಜರಡಿ ಹಿಡಿಯಿತು. ಸಿಕ್ಕ ಮೂಳೆಯ ಚೂರುಗಳು ಹಾಸ್ಕಿನ್‌ನವು ಎಂದು ಡಿಎನ್‌ಎ ಪರೀಕ್ಷೆ ಹೇಳಿತು. ಆತ ಹಾರಿರಲಿಲ್ಲ. ಎಲ್ಲರಿಗೂ ಹಾರಲು ಹೇಳಿದ ಪೈಲಟ್ ಕೊನೆಯವರೆಗೆ ವಿಮಾನದಲ್ಲೇ ಇದ್ದ. 2007ರ ಸೆಪ್ಟೆಂಬರ್ 7ರಂದು ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು.

ಅರುವತ್ತು ವರ್ಷ ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೇಳಿಸಿಕೊಳ್ಳಬೇಕಾಗಿದ್ದ ಕ್ರೇನ್ 2002ರಲ್ಲೇ ತೀರಿಕೊಂಡಿದ್ದ. ಎಲ್ಲರಿಗಿಂತ ಮೊದಲು ಹಾರಿದ ರಿಚರ್ಡ್ ಪೋಂಪಿಯೊನ ಪತ್ತೆ 2006ರ ಹುಡುಕಾಟದಲ್ಲೂ ಆಗಲಿಲ್ಲ.